ತೊಂಬತ್ನಾಲ್ಕು ಮೈಲಿ, ನಲವತ್ತು ನಿಮಿಷ

ತೂಕದ ಹಲಗೆ ಎಡಕ್ಕೆ ತುಸು ವಾಲಿದೆ ಎನ್ನುವುದು ಎಟುವಾಟಿಗೆ ಗೊತ್ತಾದದ್ದು ತಾನೇ ಅದರ ಮೇಲೆ ಹತ್ತಿ ನಿಂತಾಗ. ಹನ್ನೊಂದು ವರ್ಷದಿಂದ ಪಾಗೊ ವಿಮಾನ ನಿಲ್ದಾಣದ ಈ ಕೌಂಟರಿನ ಒಳಬದಿಯಲ್ಲಿ ನಿಂತು ಸಾವಿರಾರು ಜನರನ್ನು ಅವನು ಈ ಹಲಗೆ ಹತ್ತಿಸಿದ್ದಾನೆ. ಹತ್ತೊಂಬತ್ತು ಸೀಟಿನ ಸಣ್ಣ ವಿಮಾನ. ಪೆಟ್ಟಿಗೆಗಳ ಜೊತೆ ಮನುಷ್ಯರನ್ನೂ ತೂಗಿ, ಯಾರು ಮುಂದೆ ಯಾರು ಹಿಂದೆ ಎಂದು ಲೆಕ್ಕ ಹಾಕಿಯೇ ಕೂರಿಸಬೇಕು. ಹಲಗೆ ಹತ್ತುವ ಮೊದಲು ಹೆಂಗಸರು ಕೌಂಟರಿನ ಮೇಲೆ ಬಾಗಿ, 'ಗಟ್ಟಿಯಾಗಿ ಹೇಳ್ಬೇಡಪ್ಪ, ಪುಣ್ಯ ಬರುತ್ತೆ' ಎಂದು ಪಿಸುಗುಟ್ಟುತ್ತಿದ್ದರು. ಅವನು ಅಂಕಿಯನ್ನು ಬಾಯಿ ಬಿಡದೆ ಬರೆದುಕೊಳ್ಳುತ್ತಿದ್ದ. ಅದೊಂದು ಒಳ್ಳೆಯತನ ತನ್ನಲ್ಲಿದೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆ. ಇವತ್ತು ಒಳಬದಿಯಲ್ಲಿದ್ದವಳು ಲೂಪೆ. ಕೆಲಸಕ್ಕೆ ಸೇರಿ ವರ್ಷವಾಗಿಲ್ಲ, ದಾಕ್ಷಿಣ್ಯ ಎನ್ನುವುದು ಅವಳ ಹತ್ತಿರ ಸುಳಿದಿಲ್ಲ.

"ಇನ್ನೂರ ಎಪ್ಪತ್ತೆರಡು ಪೌಂಡು!" ಎಂದು ಸಾಲಿನ ಕೊನೆಯವರೆಗೆ ಕೇಳುವಂತೆ ಕೂಗಿದಳು. "ಅಣ್ಣಾ, ನಿಮಗೆ ಸೀಟು ಕೊಡ್ಲೋ, ನಾಲ್ಕು ಜನರನ್ನ ಇಳಿಸ್ಲೋ?"

ಸಾಲು ನಕ್ಕಿತು. ಅವನೂ ನಕ್ಕ. ನಗುತ್ತಲೇ ಹಲಗೆಯಿಂದ ಇಳಿದು, ಸೊಂಟಕ್ಕೆ ಸುತ್ತಿದ ಕಪ್ಪು ಲಾವಾಲಾವಾದ ನೆರಿಗೆಯನ್ನು ಸರಿಪಡಿಸಿಕೊಂಡ. ಅವಳು ಚೀಟಿ ಬರೆಯುತ್ತಿದ್ದವಳು ತಲೆಯೆತ್ತಿ, ಈಗ ದನಿ ತಗ್ಗಿಸಿ, "ಕ್ಷಮೆ ಕೇಳೋಕೆ ಆ ಮನೆಯವರ ಮುಂದೆ ಕೂರೋದು ಯಾವತ್ತು?" ಎಂದು ಕೇಳಿದಳು. "ಶನಿವಾರ ಬೆಳಗಿನ ಜಾವ" ಎಂದ. ಲೂಪೆಯ ಪೆನ್ನು ನಿಂತಿತು. ಅವಳ ಹಿಂದಿನ ಗೋಡೆಯ ಮೇಲೆ ಎರಡು ಗಡಿಯಾರಗಳು, ಒಂದರ ಕೆಳಗೆ ಪಾಗೊ, ಇನ್ನೊಂದರ ಕೆಳಗೆ ಕಡಲಾಚೆಯ ಅಪಿಯಾ. ಎರಡರಲ್ಲೂ ಒಂಬತ್ತು ಇಪ್ಪತ್ತು. ಗಂಟೆಯಲ್ಲಿ ವ್ಯತ್ಯಾಸವೇ ಇಲ್ಲ, ನಿಮಿಷದಲ್ಲೂ ಇಲ್ಲ; ವಾರ ಮಾತ್ರ ಬೇರೆ. ಇಲ್ಲಿ ಶುಕ್ರವಾರ, ಅಲ್ಲಿ ಶನಿವಾರ. ಹಿಂದೆ ಹೀಗಿರಲಿಲ್ಲ. ಆ ಕಡೆಯವರು ಒಂದು ಡಿಸೆಂಬರಿನಲ್ಲಿ, ವ್ಯಾಪಾರಕ್ಕೆ ಅನುಕೂಲವೆಂದು, ಕ್ಯಾಲೆಂಡರಿನಿಂದ ಒಂದು ದಿನವನ್ನೇ ಕಿತ್ತುಹಾಕಿ ಮುಂದೆ ಹೋಗಿಬಿಟ್ಟರು. ಅವತ್ತಿನಿಂದ ಈ ಎರಡು ದ್ವೀಪಗಳ ನಡುವೆ ಹೋಗುವವರು ನಾಳೆಯಲ್ಲಿ ಇಳಿಯುತ್ತಾರೆ, ಬರುವವರು ನಿನ್ನೆಯಲ್ಲಿ.

"ಅಯ್ಯೋ ದೇವರೇ, ಎಟು ಅಣ್ಣ! ಅಲ್ಲಿ ಇವತ್ತೇ ಶನಿವಾರ! ಬೆಳಗಿನ ಜಾವ ಮುಗಿದೇ ಹೋಯ್ತಲ್ಲ!"

ಅವನು ಹಣೆಗೆ ಕೈ ಹೊಡೆದುಕೊಂಡ. ಬಾಯಿ ತೆರೆದ. ಗಡಿಯಾರದ ಕಡೆ ನೋಡಿದ, ಚೀಟಿಯ ಕಡೆ ನೋಡಿದ, ಮತ್ತೆ ಹಣೆಗೆ ಕೈ ಹೊಡೆದುಕೊಂಡ. ಚರ್ಚಿನ ಮಕ್ಕಳ ನಾಟಕದಲ್ಲಿಯೂ ಇದಕ್ಕಿಂತ ಚೆನ್ನಾಗಿ ಮಾಡುತ್ತಾರೆ. ಆದರೂ ಎಲ್ಲರೂ ನಂಬಿದರು, ಯಾಕೆಂದರೆ ಇಲ್ಲಿ ಈ ತಪ್ಪು ಮಾಡದವರು ಯಾರು? ಮದುವೆಗೆಂದು ಹೊರಟು ಮಾರನೆಯ ದಿನ ಉಳಿದ ಕೇಕು ತಿಂದು ಬಂದವರಿದ್ದಾರೆ. ಬೇರೆ ಊರಿನ ಜನಕ್ಕೆ ದಾರಿ ತಪ್ಪುತ್ತದೆ, ನಮಗೆ ದಿನ ತಪ್ಪುತ್ತದೆ. ಸಾಲಿನಲ್ಲಿದ್ದ ಮುದುಕಿಯೊಬ್ಬಳು ಲೊಚಗುಟ್ಟಿ, "ಪಾಪ, ತಲೆ ಎಲ್ಲಿತ್ತೋ ಏನೋ" ಎಂದಳು. ಲೂಪೆ ಮಾತ್ರ, "ದಿನಾ ನಮಗೆಲ್ಲ ಬಾಯಿಪಾಠ ಮಾಡಿಸ್ತಿದ್ದವರು ನೀವಲ್ವಾ? ದಿನ ನೋಡಿ ಟಿಕೆಟ್ ಕೊಡ್ರೇ, ದಿನ ನೋಡಿ ಅಂತ!" ಎಂದು ಅಳುವಂತಾದಳು. ಅವಳು ನಿಜವಾಗಿಯೂ ನೊಂದುಕೊಂಡಿದ್ದಳು. ಅವನಿಗೆ ಆ ನೋವು ನೋಡಲಾಗಲಿಲ್ಲ. ಪೆದ್ದ ಅನ್ನಿಸಿಕೊಂಡದ್ದು ಮಾತ್ರ ಎಷ್ಟು ಹಾಯಾಗಿತ್ತೆಂದರೆ, ಥೂ, ತನಗೇ ಅಸಹ್ಯವಾಯಿತು.

ವಿಮಾನ ನೆಲ ಬಿಟ್ಟಾಗ ಅವನು ಅಭ್ಯಾಸಬಲದಿಂದ ಕೈಗಡಿಯಾರ ನೋಡಿಕೊಂಡ. ಹತ್ತು ಗಂಟೆ ಎರಡು ನಿಮಿಷ. ಫೋನು ಮಾಡಿ ಕೇಳುವವರಿಗೆಲ್ಲ ಹನ್ನೊಂದು ವರ್ಷದಿಂದ ಅವನು ಒಪ್ಪಿಸುತ್ತ ಬಂದದ್ದು ಒಂದೇ ಪಾಠ: ತೊಂಬತ್ನಾಲ್ಕು ಮೈಲಿ, ನಲವತ್ತು ನಿಮಿಷ, ಎದುರುಗಾಳಿಯಿದ್ದರೆ ಇನ್ನೈದು. ಕಿಟಕಿಯ ಕೆಳಗೆ ಬಂದರು, ಮೀನಿನ ಕಾರ್ಖಾನೆಯ ಹೊಗೆ, ಆಮೇಲೆ ಬರೀ ನೀರು. ಸಾಲಿನಲ್ಲಿ ಲೊಚಗುಟ್ಟಿದ್ದ ಮುದುಕಿ ಮುಂದಿನ ಸೀಟಿನಲ್ಲಿ ಕೂತು ಜಪಸರ ತೆಗೆದಳು. ಎರಡು ವಾರದ ಹಿಂದೆಯೂ ಹೀಗೆಯೇ ಕಿಟಕಿಯ ಪಕ್ಕ ಕೂತಿದ್ದ, ಆದರೆ ಆಗ ದಾರಿ ತಿರುಗುಮುರುಗಾಗಿತ್ತು, ಅವನು ಅಪಿಯಾದಿಂದ ಪಾಗೊಗೆ ಮರಳುತ್ತಿದ್ದ, ಅಂಗಿಯ ತೋಳಿನಲ್ಲಿ ಒಂದು ಕಂದು ಕಲೆಯಿತ್ತು. ಅದು ರಕ್ತವೋ ಮದುವೆಯೂಟದ ಕೋಕೋವೋ ಎಂದು ದಾರಿಯುದ್ದಕ್ಕೂ ಅವನು ಉಗುರಿನಿಂದ ಕೆರೆದು ನೋಡಿದ್ದ. ಹಿಂದಿನ ಸಂಜೆ, ಶುಕ್ರವಾರ, ದೊಡ್ಡಪ್ಪನ ಮೊಮ್ಮಗಳ ಮದುವೆ ಮುಗಿಸಿ ಅಕ್ಕನ ಪಿಕಪ್ಪನ್ನು ಅವನೇ ಓಡಿಸಿಕೊಂಡು ಹೊರಟಿದ್ದ. ಕುಡಿದಿರಲಿಲ್ಲ. ಜೋರಾಗಿಯೂ ಹೋಗುತ್ತಿರಲಿಲ್ಲ. ಹಿಂದೆ ತಟ್ಟೆ ಪಾತ್ರೆಗಳ ನಡುವೆ ಕೂತಿದ್ದ ಮಕ್ಕಳು ಹಾಡುತ್ತಿದ್ದರು, ಹಾಡು ತಪ್ಪಿತೆಂದು ಅವನು ನಕ್ಕು ಹಿಂದಕ್ಕೆ ತಿರುಗಿ, "ಲೇ, ಮೊದಲಿಂದ ಹೇಳ್ರೋ" ಎಂದ. ಅಷ್ಟೇ. ತಿರುಗಿ ಮುಂದೆ ನೋಡುವಷ್ಟರಲ್ಲಿ ಸಂಜೆಯ ಪ್ರಾರ್ಥನೆ ಮುಗಿಸಿ ರಸ್ತೆಯಂಚಿನಲ್ಲಿ ಬರುತ್ತಿದ್ದ ಬಿಳಿ ಅಂಗಿಯ ಒಬ್ಬ ಮುದುಕ ಗಾಡಿಯ ಎಡಭಾಗಕ್ಕೆ ಬಡಿದಿದ್ದ. ಆರು ಗಂಟೆ ಮೂವತ್ತೈದು ನಿಮಿಷ. ಮುದುಕನ ಹೆಸರು ಟೊವಿಯಾ, ಪಕ್ಕದ ಊರಿನ ಚರ್ಚಿನ ಹಿರಿಯ ಎಂದು ಆಮೇಲೆ ಗೊತ್ತಾಯಿತು. ಭಾವ ಕೆರೆಟಿ ಬೇರೆ ಗಾಡಿಯಲ್ಲಿ ಆಸ್ಪತ್ರೆಗೆ ಹೊತ್ತೊಯ್ದ. ಪೊಲೀಸರು ಹೇಳಿಕೆ ಬರೆದುಕೊಂಡು, ಕರೆದಾಗ ಬರಬೇಕು ಎಂದು ಬಿಟ್ಟರು. ಮರುದಿನ ಬೆಳಿಗ್ಗೆ ಅಕ್ಕ, "ಆಸ್ಪತ್ರೆಗೆ ಒಂದ್ಸಲ ಹೋಗಿ ಮುಖ ತೋರಿಸಿ ಹೋಗೋ" ಎಂದಳು. ಅವನು ಕೆಲಸವಿದೆ ಎಂದ. ಇತ್ತು ಕೂಡ. ವಿಮಾನ ಹತ್ತಿದ.

ಪಾಗೊದಲ್ಲಿ ಇಳಿದಾಗ ಮತ್ತೆ ಶುಕ್ರವಾರ. ಗೋಡೆಯ ಕ್ಯಾಲೆಂಡರು ಶುಕ್ರವಾರ ಎನ್ನುತ್ತಿತ್ತು, ಮೀನು ಮಾರುವವನು ಶುಕ್ರವಾರದ ಕೂಗು ಕೂಗುತ್ತಿದ್ದ. ಇಡೀ ದ್ವೀಪದಲ್ಲಿ ಒಬ್ಬನಿಗಾದರೂ ಆ ಸಂಜೆ ಆಗಿಹೋಗಿದೆ ಎನ್ನುವುದು ಗೊತ್ತಿರಲಿಲ್ಲ. ಅವನು ಅಂಗಿ ಬದಲಿಸಿ ಕೌಂಟರಿಗೆ ಹೋಗಿ ನಿಂತ, ಜನರನ್ನು ತೂಗಿದ. ಮಧ್ಯಾಹ್ನದ ಹೊತ್ತಿಗೆ ಎದೆಯೊಳಗೆ ಒಂದು ವಿಚಿತ್ರ ಆಸೆ ಹುಟ್ಟಿತು, ಹೇಳಿಕೊಂಡರೆ ನಗುತ್ತಾರೆ: ಈ ಶುಕ್ರವಾರದ ಸಂಜೆ ಇನ್ನೂ ಬಂದಿಲ್ಲವಲ್ಲ, ಬಂದಾಗ ಅದು ಬೇರೆ ಥರ ಬಂದರೆ? ಆರೂವರೆಗೆ ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತು ಗಡಿಯಾರವನ್ನೇ ನೋಡಿದ. ಆರು ಮೂವತ್ತೈದು ಬಂತು. ಎದುರಿನ ರಸ್ತೆಯಲ್ಲಿ ಒಬ್ಬ ಮುದುಕ ತೆಂಗಿನಕಾಯಿ ಮೂಟೆ ಹೊತ್ತು ನಿಧಾನಕ್ಕೆ ದಾಟಿಹೋದ, ಅವನಿಗೇನೂ ಆಗಲಿಲ್ಲ. ಹೆಂಡತಿ ಸಿನಿವಾ ಒಳಗಿನಿಂದ, "ಊಟಕ್ಕೆ ಬರ್ತೀರೋ, ಅಲ್ಲೇ ಬೇರು ಬಿಡ್ತೀರೋ" ಎಂದಳು. ಹೋಗಿ ಉಂಡ. ಮುದುಕ ಬದುಕಿಕೊಳ್ಳುತ್ತಾನೆ ಎಂದು ಆ ರಾತ್ರಿ ಅವನಿಗೆ ಖಾತ್ರಿಯಾಗಿತ್ತು. ಐದನೆಯ ದಿನ ಸುದ್ದಿ ಬಂತು.

ಸತ್ತ ಮೇಲೆ ಮಾಡಬೇಕಾದದ್ದು ಏನು ಎನ್ನುವುದನ್ನು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ತಪ್ಪು ಮಾಡಿದವನ ಮನೆತನದವರೆಲ್ಲ ಬೆಳಕು ಹರಿಯುವ ಮೊದಲೇ ನೊಂದವರ ಮನೆಯ ಮುಂದೆ ಹೋಗಿ ನೆಲದ ಮೇಲೆ ಕೂರಬೇಕು. ತಪ್ಪು ಮಾಡಿದವನು ಎಲ್ಲರ ಮುಂದೆ ಕೂರಬೇಕು, ತಲೆ ತಗ್ಗಿಸಿ. ಮನೆಯಲ್ಲಿರುವ ಕೇದಿಗೆ ಗರಿಯ ಅತ್ಯಂತ ನಯವಾದ ಚಾಪೆಯನ್ನು ಅವನ ಮೇಲೆ ಹೊದಿಸುತ್ತಾರೆ. ಇಫೋಗಾ ಎನ್ನುತ್ತೇವೆ. ಒಳಗಿನವರು ಹೊರಬಂದು ಚಾಪೆ ಎತ್ತಿದರೆ ಕ್ಷಮೆ. ಎತ್ತದೆ ಇದ್ದರೆ ಬಿಸಿಲು ಏರಿದರೂ ಅಲ್ಲೇ. ಹಿಂದೆಲ್ಲ ಕಲ್ಲು ಬೀಳುತ್ತಿತ್ತು, ಮಚ್ಚು ಬೀಳುತ್ತಿತ್ತು, ಬಿದ್ದರೂ ಅಲುಗುವ ಹಾಗಿರಲಿಲ್ಲ. ಕಲ್ಲಿಗೆ ಎಟುವಾಟಿ ಹೆದರಿದ್ದನೆ? ಇಲ್ಲ, ಅದನ್ನಾದರೂ ನಿಜ ಹೇಳಬೇಕು, ಕಲ್ಲಿಗೆ ಅವನು ಹೆದರಲಿಲ್ಲ. ಚಾಪೆ ಎತ್ತುವ ಗಳಿಗೆಗೆ ಹೆದರಿದ. ಕತ್ತಲೆಯಿಂದ ತಟ್ಟನೆ ಬೆಳಕಾಗಿ, ಮುಖದ ಮುಂದೆ ಇನ್ನೊಂದು ಮುಖ ಬಾಗಿ, ಅದು ಟೊವಿಯಾನ ಹೆಂಡತಿಯ ಮುಖವಾಗಿ, ಆಕೆ ಅವನನ್ನು ನೋಡುವುದು. ಅದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಮಾಡುತ್ತೇನೆ ಎಂದು ಅವನು ದೇವರ ಹತ್ತಿರ ಚೌಕಾಸಿ ಮಾಡಿದ್ದ.

ಬುಧವಾರ ಸಂಜೆ ಅಕ್ಕ ಅಕೆನೆಸೆ ಫೋನು ಮಾಡಿದ್ದಳು. "ಶನಿವಾರ ಬೆಳಗಿನ ಜಾವ ಅಂತ ದೊಡ್ಡಪ್ಪ ಹೇಳಿದಾರೆ. ನಮ್ಮ ಶನಿವಾರ ಕಣೋ, ನಿಮ್ಮದಲ್ಲ. ಗುರುವಾರ ಹೊರಡು." ಅವನು, "ಹೋಗೇ, ನಂಗೇ ಹೇಳ್ಕೊಡ್ತೀಯಾ?" ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು. ಈಗ ಕಡಲಿನ ಮೇಲೆ ಆ ನಗು ಅವನ ಕಿವಿಯಲ್ಲಿ ಕೂತಿತು. ಅವಳಿಗೆ ಗೊತ್ತಾಗುತ್ತದೆ. ಊರೆಲ್ಲ ನಂಬಿದರೂ ಅವಳು ನಂಬುವುದಿಲ್ಲ. ನಿನ್ನೆ, ಗುರುವಾರ ಸಂಜೆ ಐದು ಗಂಟೆಯ ಕೊನೆಯ ವಿಮಾನ; ಹದಿನಾರು ಜನ ಹತ್ತಿದ್ದರು, ಮೂರು ಸೀಟು ಖಾಲಿ. ಅವನ ಬಟ್ಟೆಯ ಚೀಲ ಕೌಂಟರಿನ ಕೆಳಗೆ, ಕಾಲಿಗೆ ತಾಗುವ ಹಾಗೆ ಇತ್ತು. ಪೈಲಟ್ ಬಾಗಿಲಲ್ಲಿ ತಲೆ ಹಾಕಿ, "ಇನ್ನು ಯಾರಾದ್ರೂ ಇದಾರಾ?" ಎಂದು ಕೇಳಿದ. ಯಾರಿಗೂ ಅವಸರವಿರಲಿಲ್ಲ. ಒಂದು ಹೆಜ್ಜೆ ಹಲಗೆಯ ಮೇಲೆ, ಹತ್ತು ಹೆಜ್ಜೆ ಬಾಗಿಲಿಗೆ. ಎಟುವಾಟಿ ಪಟ್ಟಿಯ ಕೆಳಗೆ ಗೆರೆ ಎಳೆದು ಸಹಿ ಹಾಕಿ, "ಯಾರೂ ಇಲ್ಲ" ಎಂದ. ಆಮೇಲೆ ಕುರ್ಚಿಯಲ್ಲಿ ಕೂತು, ಶುಕ್ರವಾರ ಬೆಳಗಿನ ವಿಮಾನಕ್ಕೆ ತನ್ನ ಹೆಸರನ್ನು ಸುಂದರವಾದ ಅಕ್ಷರದಲ್ಲಿ ಬರೆದ. ಕೈ ತಪ್ಪಲಿಲ್ಲ, ಕಣ್ಣು ತಪ್ಪಲಿಲ್ಲ. ಏನೂ ತಪ್ಪಲಿಲ್ಲ, ಅದೇ ಅವನ ತಪ್ಪು. ಮುಂದಿನ ಸೀಟಿನ ಮುದುಕಿ ಜಪಸರ ಮುಗಿಸಿ ಬ್ಯಾಗಿನಿಂದ ಬಿಸ್ಕತ್ತು ತೆಗೆದು ಹಿಂದಕ್ಕೆ ಚಾಚಿದಳು. "ತಿನ್ನಪ್ಪ. ದೇವರಿಗೆ ಗೊತ್ತು ನಿನ್ನ ಮನಸ್ಸು" ಎಂದಳು. ಅವನು ತಗೊಂಡ.

ಹತ್ತು ಗಂಟೆ ನಲವತ್ತೆರಡಕ್ಕೆ ಚಕ್ರ ನೆಲ ಮುಟ್ಟಿತು. ಹೊರಗೆ ಭಾವ ಕೆರೆಟಿ ಪಿಕಪ್ಪಿಗೆ ಒರಗಿ ನಿಂತಿದ್ದ. ಅದೇ ಪಿಕಪ್ಪು. ಎಡಗಡೆಯ ದೀಪ ಹೊಸದು, ಬಲಗಡೆಯದು ಹಳದಿಗಟ್ಟಿದ್ದು. ಎಟುವಾಟಿ ಅದನ್ನು ನೋಡದೆ ಇರಲು ಸುತ್ತುಹಾಕಿ ಹಿಂದಿನಿಂದ ಬಂದು ಕೂತ. ಭಾವ ಒಳ್ಳೆಯವನು, ಒಳ್ಳೆಯವರ ಜೊತೆ ಕೂರುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು.

"ಬಂದ್ರಪ್ಪಾ ಕ್ಯಾಲೆಂಡರ್ ಸಾಹೇಬ್ರು!" ಎಂದ ಭಾವ, ಗಾಡಿ ತಿರುಗಿಸುತ್ತ. "ನಿಮ್ಮ ಕೌಂಟರಿನ ಹುಡುಗಿ ಫೋನ್ ಮಾಡಿ ಹೇಳಿದ್ಲು. ಊರಿಗೆಲ್ಲ ದಿನ ಹೇಳೋನು ನೀನು. ನಿನಗೇ ದಿನ ಸಿಗಲಿಲ್ಲ ಅಂದ್ರೆ, ದೊಡ್ಡಪ್ಪ ನಗ್ಬೇಕೋ ಅಳ್ಬೇಕೋ ಗೊತ್ತಾಗ್ದೆ ಸುಮ್ಮನೆ ಕೂತ್ಬಿಟ್ರು."

"ತಲೆ ಕೆಟ್ಟಿತ್ತು ಭಾವ."

"ಕೆಡುತ್ತೆ, ಕೆಡುತ್ತೆ. ಯಾರಿಗೆ ಕೆಡಲ್ಲ?" ಭಾವ ಗೇರು ಬದಲಿಸಿದ. "ಒಪ್ಕೊಂಡ್ರು. ಅದೊಂದು ದೊಡ್ಡದು. ಎಂಟೂವರೆಗೆ ಆ ಯಮ್ಮನೇ ಬಂದು ಚಾಪೆ ಎತ್ತಿದ್ರು."

"ಯಾರ ಮೇಲೆ ಹೊದಿಸಿದ್ರಿ?" ಎಂದು ಕೇಳುವಾಗ ಎಟುವಾಟಿ ಹೊರಗೆ ನೋಡುತ್ತಿದ್ದ. ಅವನ ಮನಸ್ಸಿನಲ್ಲಿ ದೊಡ್ಡಪ್ಪ ಇದ್ದರು, ಇಲ್ಲದಿದ್ದರೆ ಭಾವ. ಮನೆತನದ ಗಂಡಸು ಯಾರಾದರೂ.

"ನಿನ್ನ ಅಕ್ಕನ ಮೇಲೆ."

ಇದು ನಮ್ಮವರಿಗೆ ಮಾತ್ರ ಅರ್ಥವಾಗುವ ಪೆಟ್ಟು. ಅಕ್ಕತಂಗಿ ಎಂದರೆ ಹುಟ್ಟಿನಿಂದಲೇ ಬರೆದಿಟ್ಟ ಕರಾರು. ಅವಳ ಮಾನವನ್ನು ಕಣ್ಣುಗುಡ್ಡೆಯ ಹಾಗೆ ಕಾಯುವುದು ಗಂಡು ಹುಟ್ಟಿದವನ ಮೊದಲ ಕೆಲಸ. ಅವಳೆದುರು ಕೆಟ್ಟ ಮಾತಾಡುವಂತಿಲ್ಲ, ಅವಳು ಕೂತ ಮೇಲೆಯೇ ನಾವು ಕೂರುವುದು, ತಟ್ಟೆಯ ಒಳ್ಳೆಯ ತುಂಡು ಅವಳಿಗೇ. ಚಿಕ್ಕಂದಿನಲ್ಲಿ ಶಾಲೆಯ ದಾರಿಯಲ್ಲಿ ಯಾವನೋ ಅಕೆನೆಸೆಯ ಜಡೆ ಎಳೆದನೆಂದು ಎಂಟು ವರ್ಷದ ಎಟುವಾಟಿ ಹೋಗಿ ಹನ್ನೆರಡರ ಹುಡುಗನ ಕೈ ಕಚ್ಚಿ, ಹಲ್ಲು ಮುರಿದುಕೊಂಡು ಬಂದಿದ್ದ. ಅಕ್ಕ ಅವನ ಬಾಯಿ ತೊಳೆಸಿ, 'ನನ್ನ ಹುಲಿ' ಎಂದಿದ್ದಳು. ಅಂಥವಳು ಊರ ಜನ ನೋಡುತ್ತಿದ್ದ ಹಾಗೆ ಜಲ್ಲಿಕಲ್ಲಿನ ಮೇಲೆ ನಾಲ್ಕು ಗಂಟೆ ಕಾಲ.

"ನಾನು ಕೂರ್ತೀನಿ ಅಂದೆ ಕಣಯ್ಯಾ" ಎಂದು ಭಾವ ಹೇಳುತ್ತಿದ್ದ. "ದೊಡ್ಡಪ್ಪ ತಾವೇ ಕೂರ್ತೀನಿ ಅಂದ್ರು. ಕೇಳಿದ್ರೆ ತಾನೆ! 'ಒಡಹುಟ್ಟಿದವನು ಬರಲಿಲ್ಲ ಅಂದ್ರೆ ಒಡಹುಟ್ಟಿದವಳು ಕೂರ್ತಾಳೆ, ನೀವ್ಯಾರು ಮಧ್ಯೆ?' ಅಂದ್ಲು. ನಿನ್ನೆ ಸಂಜೆ ಕೊನೇ ವಿಮಾನದವರೆಗೂ ಇಲ್ಲೇ ಗೇಟಿನ ಹತ್ರ ಕಾದಿದ್ಲು. ಆಮೇಲೆ ಮನೆಗೆ ಬಂದು ತಲೆ ಬಾಚ್ಕೊಂಡು ಕೂತ್ಲು."

ನಿನ್ನೆ ಸಂಜೆ. ಮೂರು ಖಾಲಿ ಸೀಟಿನ ಆ ವಿಮಾನ ಇಲ್ಲಿ ಇಳಿದಾಗ ಅಕ್ಕ ಗೇಟಿನಲ್ಲಿದ್ದಳು. ಹದಿನಾರು ಜನರ ಮುಖವನ್ನೂ ಒಂದೊಂದಾಗಿ ನೋಡಿರುತ್ತಾಳೆ. 'ಗಾಡಿ ನಿಲ್ಲಿಸಿ ಭಾವ, ನಾನು ಹೇಳಬೇಕಾದದ್ದಿದೆ' ಎಂದು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಒಂದು ಹಲಸಿನ ಜಾತಿಯ ಮರ, ಒಂದು ಬಿಳಿ ಬಣ್ಣದ ಕಲ್ಲು, ಒಂದು ತಿರುವು ಬಂದು ದಾಟಿಹೋದವು, ಟೊವಿಯಾ ಬಿದ್ದ ಆ ಜಾಗದಲ್ಲಿ ಭಾವ ವೇಗ ತಗ್ಗಿಸಿ ತಲೆ ಬಾಗಿಸಿದ, ಅವನೂ ಬಾಗಿಸಿದ, ನಾಲಿಗೆಯ ತುದಿಯ ಮಾತು ಒಳಗೆ ಹೋಯಿತು.

"ನಾಡಿದ್ದು ಮಣ್ಣು" ಎಂದ ಭಾವ. "ನಿಮ್ಮಕ್ಕ ಬೆಳಿಗ್ಗೆಯಿಂದ ಅವರ ಮನೇಲೇ ಅಡುಗೆಗೆ ನಿಂತಿದಾಳೆ. ಆ ಯಮ್ಮನ ಮಗ ನ್ಯೂಜಿಲೆಂಡಿನಿಂದ ನಾಳೆ ಬರ್ತಾನಂತೆ, ಮನೇಲಿ ಗಂಡು ದಿಕ್ಕಿಲ್ಲ. ನಾನು ಸೌದೆ ತರೋಕೆ ಹೋಗ್ಬೇಕು. ನೀನು ಇಳಿದು ಒಳಗೆ ಹೋಗು. ನಾನೇ ಹೇಳಿಬಿಡ್ತಿದ್ದೆ ಇವನೇ ಅಂತ, ಆದ್ರೆ ಅದು ನೀನೇ ಹೇಳ್ಬೇಕಾದ ಮಾತು. ಒಂದೇ ಮಾತು. ಏನಾಗಲ್ಲ, ದೊಡ್ಡ ಮನಸ್ಸಿನ ಹೆಂಗಸು."

ಗೋಡೆಯಿಲ್ಲದ ಮನೆ. ಸುತ್ತ ಕಂಬಗಳು, ಮೇಲೆ ಸೂರು, ಗಾಳಿ ಆಚೆಯಿಂದ ಈಚೆಗೆ ಆಡುತ್ತಿತ್ತು. ಮುಂದಿನ ಜಲ್ಲಿಯ ಮೇಲೆ ಒಂದು ಕಡೆ ಕಲ್ಲುಗಳು ಸರಿದು ಸಣ್ಣ ತಗ್ಗಾಗಿತ್ತು, ಯಾರೋ ಬಹಳ ಹೊತ್ತು ಕೂತೆದ್ದ ಗುರುತು. ಅವನು ಅದನ್ನು ಬಳಸಿ ಬಂದು, ಚಪ್ಪಲಿ ಬಿಟ್ಟು, ಕಂಬವೊಂದರ ಬುಡದಲ್ಲಿ ಕಾಲು ಮಡಚಿ ಕೂತ. ಒಳಗೆ ಒಬ್ಬಳೇ ಹೆಂಗಸು, ಅರವತ್ತೈದು ದಾಟಿದವಳು, ತೊಡೆಯ ಮೇಲೆ ಬಿಳಿಯ ಕೋಟೊಂದನ್ನು ಹರಡಿಕೊಂಡು ಗುಂಡಿ ಹೊಲಿಯುತ್ತಿದ್ದಳು. ಫುವಾಟಿನೊ, ಟೊವಿಯಾನ ಹೆಂಡತಿ. ಅವಳ ಮುಖವನ್ನು ಅವನು ಎಷ್ಟೊಂದು ಥರ ಕಲ್ಪಿಸಿಕೊಂಡಿದ್ದ. ಒಂದೂ ಹೀಗಿರಲಿಲ್ಲ. ದುಂಡನೆಯ, ನಿದ್ದೆಗೆಟ್ಟ, ತುಸು ಹಾಸ್ಯದ ಮುಖ.

"ಬಾ ಮಗಾ, ಬಾ. ಸಮಯಕ್ಕೆ ಬಂದೆ. ಈ ಸೂಜಿಗೆ ದಾರ ಹಾಕ್ಕೊಡು, ಆಗ್ಲಿಂದ ನಂಗೂ ಸೂಜಿಗೂ ಜಗಳ. ಭಾನುವಾರದ ಕೋಟು ಇದು ನಮ್ಮನೆಯವರದು. ಮೂರನೇ ಗುಂಡಿ ಹಾಕ್ಕೊಡು ಹಾಕ್ಕೊಡು ಅಂತ ಒಂದು ವರ್ಷ ಬಡ್ಕೊಂಡ್ರು. ನೋಡು, ಈಗ ಹಾಕ್ತಾ ಇದೀನಿ, ಗಟ್ಟಿಗಿತ್ತಿ ನಾನು."

ಅವನು ಮೊಣಕಾಲ ಮೇಲೆ ಸರಿದು ಸೂಜಿ ಇಸಿದುಕೊಂಡ. ದಾರ ಮೊದಲನೆಯ ಸಲಕ್ಕೇ ತೂರಿತು. ತನ್ನ ಕೈಯ ಮೇಲೆಯೇ ಅವನಿಗೆ ಸಿಟ್ಟು ಬಂತು, ಇಂಥ ಕೈಗೆ ನಾಚಿಕೆ ಎನ್ನುವುದು ಬೇಡವೇ?

"ಎಲ್ಲಿಂದ ಬಂದೆ?"

"ಪಾಗೊದಿಂದ."

ಅವಳು ಕೋಟಿನಿಂದ ತಲೆಯೆತ್ತಿ ಕಣ್ಣು ಕಿರಿದು ಮಾಡಿ ಅವನನ್ನು ನೋಡಿದಳು. ಸಿಟ್ಟಿನ ನೋಟವಾಗಿರಲಿಲ್ಲ. "ಹಾಗಾದ್ರೆ ನೀನೇನಾ ಆ ಹುಡುಗ? ಗಾಡಿ ಓಡಿಸಿದವನು?"

ಒಂದೇ ಮಾತು ಎಂದಿದ್ದ ಭಾವ. ಹೌದಮ್ಮ. ಅದು ನಾಲಿಗೆಯ ಮೇಲೆ ಸಿದ್ಧವಾಗಿ ಕೂತಿತ್ತು, ದಾರಿಯುದ್ದಕ್ಕೂ ಕೂತೇ ಇತ್ತು. "ಅಲ್ಲಮ್ಮ" ಎಂದ. ಹೇಳಿದ ಮೇಲೆಯೇ ಅವನಿಗೆ ಅದು ಕೇಳಿಸಿದ್ದು. ಕೇಳಿಸಿದ ಮೇಲೆ, ಇನ್ನೂ ಸಮಯವಿದೆ, ಈಗಲೇ ತಿದ್ದಿಬಿಡು ಎಂದು ಒಳಗೆ ಒಬ್ಬ ಕೂಗುತ್ತಿದ್ದ, ಬಾಯಿ ಮಾತ್ರ ತನ್ನ ಪಾಡಿಗೆ ಮುಂದುವರಿಯಿತು, "ನಾನು ಅವನ ಜೊತೆ ಕೆಲಸ ಮಾಡೋನು. ಕೌಂಟರಿನಲ್ಲಿ."

"ಓ." ಅವಳ ಭುಜ ಇಳಿಯಿತು. ಕಾದಿದ್ದವಳ ಭುಜ ಅದು. ಅವಳು ತನಗಾಗಿ ಕಾದಿದ್ದಳು, ಹೊಡೆಯಲಿಕ್ಕಲ್ಲ, ಬೈಯಲಿಕ್ಕಲ್ಲ. ಎಟುವಾಟಿಗೆ ಇದು ಹೊಳೆದದ್ದು ಆಗಲೇ. ಅವಳು ಗುಂಡಿಯ ತೂತಿಗೆ ಸೂಜಿ ಚುಚ್ಚಿ, ದಾರ ಎಳೆದಳು. "ನಮ್ಮನೆಯವರು ಯಾವತ್ತೂ ವಿಮಾನ ಹತ್ತಲಿಲ್ಲ. ಹೆದರಿಕೆ. ಮೇಲೆ ಹೋದ್ರೆ ಒಂದೇ ಸಲ ಹೋಗ್ತೀನಿ, ವಾಪಸ್ ಬರೋ ಟಿಕೆಟ್ ಬೇಡ ಅನ್ನೋರು. ನಾನೂ ಹತ್ತಿಲ್ಲ. ಪಾಗೊ ಅಂದ್ರೆ ಎಷ್ಟು ದೂರ ಆಗುತ್ತೆ ಮಗಾ?"

"ತೊಂಬತ್ನಾಲ್ಕು ಮೈಲಿ."

"ಎಷ್ಟು ಹೊತ್ತು?"

"ನಲವತ್ತು ನಿಮಿಷ."

"ಅಷ್ಟೇನಾ?" ಅವಳ ಕೈ ನಿಂತಿತು. "ನಾನು ಎಲ್ಲೋ ಒಂದು ದಿನದ ದಾರಿ ಅಂದ್ಕೊಂಡಿದ್ದೆ. ಆ ಹುಡುಗಿ ಬೆಳಿಗ್ಗೆ ಅಷ್ಟು ಹೊತ್ತು ಕೂತಿದ್ಲಲ್ಲ ಪಾಪ, ತಮ್ಮನಿಗೆ ಬರಕ್ಕಾಗ್ಲಿಲ್ಲ ಅಂತ. ನಲವತ್ತು ನಿಮಿಷ ಅಂದ್ರೆ, ನಾನಿಲ್ಲಿ ಟಾರೋ ಗೆಡ್ಡೆ ಒಲೆಗಿಟ್ರೆ ಅವನು ಬರೋ ಹೊತ್ತಿಗೆ ಅದು ಬೆಂದಿರಲ್ಲ." ಅವಳು ಅವನ ಮಣಿಕಟ್ಟನ್ನು ಹಿಡಿದುಕೊಂಡಳು. ಬೆಚ್ಚನೆಯ, ಒರಟು ಕೈ. "ಅವನಿಗೆ ಹೇಳು ಮಗಾ. ಚಾಪೆ ಎತ್ತಿ ಆಯ್ತು, ಮನಸ್ಸಲ್ಲೇನೂ ಇಟ್ಕೊಂಡಿಲ್ಲ ನಾನು. ಒಂದ್ಸಲ ಬಂದು ಊಟ ಮಾಡ್ಕೊಂಡು ಹೋಗು ಅಂತ ಹೇಳು. ನಮ್ಮನೆಯವರನ್ನ ಎಚ್ಚರದಲ್ಲಿ ಕಡೆಗೆ ನೋಡಿದವನು ಅವನೇ ಅಂತೆ. ಆಸ್ಪತ್ರೇಲಿ ಕಣ್ಣೇ ಬಿಡಲಿಲ್ಲ ಅವರು. ಏನಾದ್ರೂ ಅಂದ್ರಾ, ನನ್ನ ಹೆಸರು ಏನಾದ್ರೂ ತಗೊಂಡ್ರಾ, ಅದೊಂದು ಕೇಳ್ಬೇಕು ಅವನನ್ನ. ಬೇರೆ ಇನ್ನೇನಿಲ್ಲ."

ಟೊವಿಯಾ ಮಾತಾಡಿದ್ದ. ರಸ್ತೆಯಲ್ಲಿ ಎಟುವಾಟಿಯ ತೊಡೆಯ ಮೇಲೆ ತಲೆಯಿಟ್ಟು, ಕಣ್ಣು ಬಿಟ್ಟು, ಸ್ಪಷ್ಟವಾಗಿ, "ಮಕ್ಕಳು ಹೆದರ್ಕೊಂಡಿದಾರೆ, ಹಾಡು ನಿಲ್ಲಿಸ್ಬೇಡಿ ಅನ್ನು" ಎಂದಿದ್ದ. ಆಮೇಲೆ, "ಫುವಾಗೆ ಹೇಳಿ ಕಳಿಸು, ಊಟಕ್ಕೆ ತಡ ಆಗುತ್ತೆ ಅಂತ." ಪೊಲೀಸರಿಗೆ ಇದನ್ನು ಅವನು ಹೇಳಿರಲಿಲ್ಲ, ಸಿನಿವಾಳಿಗೆ ಹೇಳಿರಲಿಲ್ಲ. ಈ ಭೂಮಿಯ ಮೇಲೆ ಅದು ಅವನ ಹತ್ತಿರ ಮಾತ್ರ ಇತ್ತು, ಮತ್ತು ಅದು ಅವನದಾಗಿರಲಿಲ್ಲ, ಈ ಹೆಂಗಸಿನದು. ಅವನು ಬಾಯಿ ತೆರೆದ. ಆದರೆ ಜೊತೆಗೆ ಕೆಲಸ ಮಾಡುವವನಿಗೆ ಅದು ಹೇಗೆ ಗೊತ್ತಿದ್ದೀತು? ಹೇಳಬೇಕಾದರೆ ಎಲ್ಲವನ್ನೂ ಹೇಳಬೇಕು. "ಹೇಳ್ತೀನಮ್ಮ ಅವನಿಗೆ" ಎಂದ.

ಹಿಂದಿನ ಅಡುಗೆಮನೆಯ ಕಡೆಯಿಂದ ಅಕೆನೆಸೆ ತಟ್ಟೆ ಹಿಡಿದು ಬಂದಳು. ಬಾಳೆಯೆಲೆಯ ಮೇಲೆ ಟಾರೋ, ತೆಂಗಿನಹಾಲಿನಲ್ಲಿ ಬೇಯಿಸಿದ ಸೊಪ್ಪು, ಒಂದು ದೊಡ್ಡ ತುಂಡು ಮೀನು. ಅವಳು ನಡೆಯುವಾಗ ಎಡಗಾಲನ್ನು ಎಳೆದು ಹಾಕುತ್ತಿದ್ದಳು. ಅವನನ್ನು ನೋಡಿದ ಕೂಡಲೇ ಅವಳ ಮುಖ ಅರಳಿತು. ಇದನ್ನು ಅವನು ಬದುಕಿರುವವರೆಗೆ ಮರೆಯುವ ಹಾಗಿಲ್ಲ. ಸಿಟ್ಟಿರಲಿಲ್ಲ, ಬಂದನಲ್ಲ ಎನ್ನುವ ಸಂತೋಷ ಅಷ್ಟೇ ಇತ್ತು.

"ನೋಡೇ ಅಕೆನೆಸೆ" ಎಂದಳು ಫುವಾಟಿನೊ, "ನಿನ್ನ ತಮ್ಮನ ಜೊತೆ ಕೆಲಸ ಮಾಡೋ ಹುಡುಗ ಅಂತೆ. ನಲವತ್ತೇ ನಿಮಿಷ ಅಂತೆ ಕಣೆ. ನಿನ್ನ ತಮ್ಮನಿಗೆ ಬಂದು ಹೋಗಕ್ಕೆ ಹೇಳು ಅಂತ ಹೇಳಿದೀನಿ, ಹೇಳ್ತಾನಂತೆ."

ಅಕ್ಕ ತಟ್ಟೆ ಹಿಡಿದು ನಿಂತೇ ಇದ್ದಳು. ಮುಖದ ಬೆಳಕು ಒಮ್ಮೆಗೇ ಆರಲಿಲ್ಲ, ಅರ್ಥವಾಗಲು ಅವಳಿಗೆ ಹೊತ್ತು ಹಿಡಿಯಿತು. ಆಮೇಲೆ ಅವಳು ಅವನನ್ನೇ ನೋಡುತ್ತ ಕಾದಳು. ಅವಸರ ಮಾಡಲಿಲ್ಲ, ಕಣ್ಣಿನಲ್ಲಿ ಗದರಲಿಲ್ಲ. ತಟ್ಟೆಯಿಂದ ತೆಂಗಿನಹಾಲು ಒಂದು ಹನಿ ಅವಳ ಪಾದದ ಮೇಲೆ ಬಿತ್ತು, ಬಿಸಿಯಿತ್ತೋ ಏನೋ, ಅವಳು ಕಾಲು ಕದಲಿಸಲಿಲ್ಲ. ಅವನು ಅವಳ ಪಾದವನ್ನು ನೋಡಿದ, ಕಂಬವನ್ನು ನೋಡಿದ, ಬಿಳಿ ಕೋಟಿನ ಮೂರನೆಯ ಗುಂಡಿಯನ್ನು ನೋಡಿದ.

"ನಿನಗೂ ಏನಾದ್ರೂ ಆಗ್ಬೇಕೇನೇ ಇವನು?" ಎಂದು ಫುವಾಟಿನೊ ದಾರ ಕಚ್ಚಿ ಕತ್ತರಿಸುತ್ತ ಕೇಳಿದಳು. "ಮುಖದಲ್ಲಿ ಏನೋ ನಿಮ್ಮನೆ ಕಳೆ ಇದೆ."

"ಇಲ್ಲಮ್ಮ" ಎಂದಳು ಅಕ್ಕ. "ಏನೂ ಆಗ್ಬೇಕಿಲ್ಲ."

ಅವಳು ನೋಯುವ ಮೊಣಕಾಲೂರಿ ಅವನ ಮುಂದೆ ತಟ್ಟೆಯಿಟ್ಟು, ಹೊರಗಿನವರಿಗೆ ಬಡಿಸುವಾಗ ಮಾಡುವ ಹಾಗೆ ತಲೆ ಬಾಗಿಸಿದಳು. "ಊಟ ಮಾಡಿ" ಎಂದಳು. "ದೂರದಿಂದ ಬಂದಿದೀರಿ."